ಎಸೆಯುವವಳೇ ಬ್ಯಾಟ್ ಹಿಡಿದಾಗ

1993ರಲ್ಲಿ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಎರಡು ಪಟ್ಟಿಗಳ ತಲೆಯಲ್ಲಿ ಒಂದೇ ಹೆಸರಿತ್ತು: ಯುಸಿಎಲ್‌ಎ ತಂಡದ ಲೀಸಾ ಫರ್ನಾಂಡಿಸ್. ಬ್ಯಾಟಿಂಗ್ ಸರಾಸರಿ 0.510. ಪಿಚರ್ (ಚೆಂಡೆಸೆಯುವವಳು) ಆಗಿ ಏಳು ಇನಿಂಗ್ಸ್‌ಗೆ ಬಿಟ್ಟುಕೊಟ್ಟದ್ದು 0.25 ರನ್, ಹೆಚ್ಚುಕಡಿಮೆ ನಾಲ್ಕು ಪಂದ್ಯಕ್ಕೆ ಒಂದು. ಚೆಂಡೆಸೆಯದ ದಿನ ಮೂರನೇ ಬೇಸ್ ಕಾಯುತ್ತಿದ್ದಳು. ನಾಲ್ಕು ವರ್ಷಗಳ ಕಾಲೇಜು ಆಟದಲ್ಲಿ ಪಿಚರ್ ಆಗಿ 93 ಗೆಲುವು, 7 ಸೋಲು.

ಕೈ ಗಿಡ್ಡ, ದೊಡ್ಡ ಪಿಚರ್ ಆಗಲಾರೆ ಎಂದು ಬಾಲ್ಯದಲ್ಲೇ ಒಬ್ಬ ತರಬೇತುದಾರ ಷರಾ ಬರೆದುಬಿಟ್ಟಿದ್ದನಂತೆ. ಅವನ ಭೌತಶಾಸ್ತ್ರ ಅರ್ಧ ಸರಿ. ಸುತ್ತುವ ತೋಳು ಉದ್ದವಿದ್ದಷ್ಟೂ ಅದರ ತುದಿಯ ವೇಗ ಹೆಚ್ಚು, ನಿಜ. ಆದರೆ ತೋಳು ಸುತ್ತುವ ಶಕ್ತಿ ಹುಟ್ಟುವುದು ಬರೀ ತೋಳಿನಲ್ಲಲ್ಲ. ಕಾಲು ನೆಲವನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಮುಂಗಾಲು ಗಕ್ಕನೆ ಊರಿ ದೇಹವನ್ನು ತಡೆಯುತ್ತದೆ. ಹೀಗೆ ಹುಟ್ಟಿದ ಶಕ್ತಿ ಭುಜ, ಮೊಣಕೈ ಹಾಯ್ದು ಮಣಿಕಟ್ಟಿಗೆ ಬರುತ್ತದೆ.

ಈಗ ಎದುರಿಗಿರುವವರ ಪಾಡು ನೋಡಿ. ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ, ಚೆಂಡು ಬಿಡುವಷ್ಟರಲ್ಲಿ ಇನ್ನೂ ಹತ್ತಿರ. ಗಂಟೆಗೆ 105 ಕಿ.ಮೀ. ವೇಗದ ಎಸೆತ ಸುಮಾರು 0.4 ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. 150 ಕಿ.ಮೀ. ವೇಗದ ಕ್ರಿಕೆಟ್ ಬೌಲರ್ ಕೂಡ ಇದಕ್ಕಿಂತ ಕೊಂಚ ಹೆಚ್ಚೇ ಸಮಯ ಕೊಡುತ್ತಾನೆ. ಚೆಂಡನ್ನು ಕೊನೆಯವರೆಗೆ ನೋಡಿ ಹೊಡೆಯುವ ಮಾತೇ ಇಲ್ಲ. ಪಿಚರ್‌ನ ಸೊಂಟ, ಭುಜ, ಮಣಿಕಟ್ಟು ಓದಿ ಮೊದಲೇ ಊಹಿಸಬೇಕು. ಆ ಓದು ಬಾರದಿದ್ದರೆ ಎಂಥ ಬ್ಯಾಟರ್ ಆದರೂ ಅಷ್ಟೆ. ಬೇಸ್‌ಬಾಲ್ ದೈತ್ಯ ಆಲ್ಬರ್ಟ್ ಪೂಹೋಲ್ಸ್ 2004ರ ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್‌ಳ ಚೆಂಡು ಮುಟ್ಟಲಾರದೆ ಔಟಾದ.

ಲೀಸಾ ಎರಡೂ ಪಟ್ಟಿಗಳ ತಲೆಯಲ್ಲಿದ್ದ ಗುಟ್ಟು ಈ ಓದಿನಲ್ಲೇ ಇದ್ದೀತು, ಸ್ವತಃ ಎಸೆಯುವವಳಿಗೆ ಎಸೆತ ಓದುವುದು ಸುಲಭ ಎಂಬುದು ನನ್ನ ತರ್ಕ. 2008ರಲ್ಲಿ ಇಟಲಿಯ ವಿಜ್ಞಾನಿಗಳು ಬ್ಯಾಸ್ಕೆಟ್‌ಬಾಲ್ ಎಸೆತದ ವಿಡಿಯೊಗಳನ್ನು ಅರ್ಧಕ್ಕೇ ನಿಲ್ಲಿಸಿ, ಚೆಂಡು ಬುಟ್ಟಿಗೆ ಬೀಳುತ್ತದೆಯೇ ಎಂದು ಕೇಳಿದರು. ಆಟ ನೋಡಿಯೇ ಪಳಗಿದ ತರಬೇತುದಾರರಿಗಿಂತ, ವರದಿಗಾರರಿಗಿಂತ ಆಟಗಾರರು ಬೇಗ ಮತ್ತು ಸರಿಯಾಗಿ ಹೇಳಿದರು, ಅದೂ ಚೆಂಡು ಕೈಬಿಡುವ ಮೊದಲೇ. ಸ್ವತಃ ಮಾಡಿ ಗೊತ್ತಿರುವ ಚಲನೆಯನ್ನು ಮಿದುಳು ಬೇರೆಯವರ ಮೈಯಲ್ಲೂ ಬೇಗ ಗುರುತಿಸುತ್ತದೆ.

ಹಾಗೆಂದು ಲೀಸಾಳನ್ನು ಓದುವವರು ಇರಲಿಲ್ಲವೆಂದಲ್ಲ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಬ್ಯಾಟರ್‌ಗಳನ್ನು ಒಂದೇ ಪಂದ್ಯದಲ್ಲಿ 25 ಸಲ ಸ್ಟ್ರೈಕ್‌ಔಟ್ ಮಾಡಿ ದಾಖಲೆ ಬರೆದಳು. ಆದರೂ 13ನೇ ಇನಿಂಗ್ಸ್‌ನಲ್ಲಿ ಜೋವಾನ್ ಬ್ರೌನ್ ಹೊಡೆದ ಹೋಮ್ ರನ್ನಿನಿಂದ ಪಂದ್ಯ 2-1ಕ್ಕೆ ಕೈತಪ್ಪಿತು. ಒಲಿಂಪಿಕ್ಸ್ ಚಿನ್ನ ಮಾತ್ರ ಅವಳ ತಂಡಕ್ಕೆ ತಪ್ಪಲಿಲ್ಲ: 1996, 2000, 2004, ಮೂರು ಸಲವೂ.