ಲೆಕ್ಕದ ಪುಸ್ತಕಕ್ಕೆ ಚಿತ್ರದ ಹೊದಿಕೆ

ಮೂವತ್ತು ವರ್ಷ ಲೆಡ್ಜರುಗಳ ನಡುವೆ ಕಳೆದ ನನಗೆ ಒಬ್ಬ ಖಜಾಂಚಿಯ ಮೇಲೆ ಸಣ್ಣ ಹೊಟ್ಟೆಕಿಚ್ಚಿದೆ. ಇಟಲಿಯ ಸಿಯೆನಾ ನಗರದ ಹಣಕಾಸು ಕಚೇರಿಗೆ ಹಿಂದೆ ಬಿಕ್ಕೆರ್ನಾ ಎಂದು ಹೆಸರಿತ್ತು. 1258ರಲ್ಲಿ ಅದರ ಖಜಾಂಚಿ ಸಾನ್ ಗಲ್ಗಾನೊ ಮಠದ ಸನ್ಯಾಸಿ ಊಗೊ. ಅವನ ಅವಧಿಯ ಲೆಕ್ಕದ ಪುಸ್ತಕಕ್ಕೆ ಹಾಕಿದ ಮರದ ರಟ್ಟಿನ ಮೇಲೆ ಚಿತ್ರಗಾರ ಜೀಲಿಯೊ ದಿ ಪಿಯೆತ್ರೊ ಅವನನ್ನೇ ಬರೆದಿದ್ದಾನೆ: ಮೈತುಂಬ ನಿಲುವಂಗಿ, ಎದುರಿಗೆ ತೆರೆದ ಪುಸ್ತಕ. ಗುಮಾಸ್ತೆಗಿರಿಗೆ ಇಷ್ಟು ಮರ್ಯಾದೆ ನಾನಂತೂ ಬೇರೆಲ್ಲೂ ಕಂಡಿಲ್ಲ!

ಅಧಿಕಾರಿಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರು. ಅವರ ಮನೆತನದ ಲಾಂಛನಗಳೂ ರಟ್ಟಿಗೇರುತ್ತಿದ್ದವು. ಬರಬರುತ್ತಾ ಊರಿನ ಸುಖದುಃಖವೇ ಚಿತ್ರವಾಯಿತು. 1467ರ ಹಲಗೆಯಲ್ಲಿ ಭೂಕಂಪಕ್ಕೆ ಹೆದರಿದ ಜನ ಕೋಟೆಯ ಹೊರಗೆ ಗುಡಾರಗಳಲ್ಲಿದ್ದಾರೆ. ಮೇಲೆ ಮೇರಿಮಾತೆ ಕಾಯುತ್ತಿದ್ದಾಳೆ.

ಆ ಕಾಲದ ಇಟಲಿಯ ನೋಟರಿಗಳದು ಬೇರೆ ಬಗೆ. ಪತ್ರದಲ್ಲಿ ಹೆಸರಿನ ಜೊತೆ ಪ್ರತಿಯೊಬ್ಬನೂ ತನ್ನದೇ ಗುರುತನ್ನು ಲೇಖನಿಯಿಂದ ಬಿಡಿಸಬೇಕಿತ್ತು. ಶಿಲುಬೆ, ಗಂಟು, ಹೆಣೆದ ಬಳ್ಳಿ, ಹೀಗೆ. ನಮ್ಮ ಮೊಹರಿನ ಕೆಲಸವನ್ನು ಅವರ ಕೈಯೇ ಮಾಡುತ್ತಿತ್ತು.

ಬೊಲೋನ್ಯಾದಲ್ಲಿ 1265ರಿಂದ ದೊಡ್ಡ ಮೊತ್ತದ ಕರಾರುಗಳನ್ನು ನಗರದ ದಫ್ತರದಲ್ಲಿ ನಕಲು ಮಾಡಿಸಬೇಕಿತ್ತು. ಖಾಲಿ ಜಾಗ ಉಳಿದರೆ ಯಾರಾದರೂ ಆಮೇಲೆ ಸಾಲು ತುರುಕಿಯಾರೆಂಬ ಭಯ. ನಾವು ಅಡ್ಡಗೆರೆ ಎಳೆಯುವ ಕಡೆ ಅಲ್ಲಿನ ನೋಟರಿಗಳು ಪದ್ಯ ತುಂಬಿಸಿದರು. 1287ರಲ್ಲಿ ಎನ್ರಿಕೆತ್ತೊ ದೆಲ್ಲೆ ಕ್ವೆರ್ಚೆ ಎಂಬಾತ ಹಾಗೆ ಬರೆದಿಟ್ಟದ್ದು, ಊರಿನ ಗಾರಿಸೆಂಡಾ ಗೋಪುರದ ಮೇಲೆ ಡಾಂಟೆ ಕಟ್ಟಿದ ಸಾನೆಟ್ಟು. ಕವಿಗೆ ಆಗಿನ್ನೂ ಇಪ್ಪತ್ತೆರಡರ ಆಸುಪಾಸು.