ಉಪಗ್ರಹವೂ ಬಾಂದುಕಲ್ಲೂ

ಕೊಪ್ಪಳವೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವುದು ಕವಿರಾಜಮಾರ್ಗದ ಕೊಪಣನಗರ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡದ ತಿರುಳು ನೆಲೆಸಿದ ನಾಡನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕೊಪಣ ಅವುಗಳಲ್ಲಿ ಒಂದು. ನುಡಿಯ ನಾಡಿಗೆ ಎಲ್ಲೆ ಹೇಳಲು ನಾಲ್ಕು ಊರುಗಳ ಹೆಸರು ಸಾಕಾದೀತು. ಹೊಲದ ಎಲ್ಲೆಗೆ ಅದು ಸಾಲದು. ಅಲ್ಲಿ ಲೆಕ್ಕ ಗೇಣಿನದು, ಬೆರಳಿನದು.

ನಾನು ವೃತ್ತಿಯಿಂದ ಭೂಮಾಪಕ. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕರ ಹೊಲಗಳಲ್ಲಿಯೂ ನಾನು ಅಳತೆಯ ಕೆಲಸ ಮಾಡಿದ್ದೇನೆ. ಇಂದು ನಾನು ಹೇಳಹೊರಟಿರುವುದು ಉಪಗ್ರಹಗಳ ನೆರವಿನಿಂದ ನೆಲ ಅಳೆಯುವ ಯಂತ್ರಗಳ ವಿಷಯ. ಅದರಲ್ಲಿಯೂ ಇನ್ನೂ ಪರೀಕ್ಷೆಯಲ್ಲಿರುವ ಆಜ್ಞಾಸರಣಿಯನ್ನು ಅವುಗಳಿಗೆ ತುಂಬಿದಾಗ ಹುಟ್ಟುವ ದೋಷವನ್ನು ಹುಡುಕುವ ಬಗೆ.

ಮೊದಲು ಯಂತ್ರದ ಮಾತು. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ಪ್ರತಿಯೊಂದೂ ತಾನೆಲ್ಲಿರುವೆ, ಈಗ ಸಮಯವೆಷ್ಟು ಎಂಬುದನ್ನು ರೇಡಿಯೋ ಅಲೆಗಳಲ್ಲಿ ಎಡೆಬಿಡದೆ ಸಾರುತ್ತದೆ. ನೆಲದ ಮೇಲಿನ ಗ್ರಾಹಕ ಯಂತ್ರ ಆ ಅಲೆ ತನ್ನನ್ನು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ತನ್ನ ಸ್ಥಾನವನ್ನೂ ತನ್ನ ಗಡಿಯಾರದ ತಪ್ಪನ್ನೂ ಲೆಕ್ಕ ಹಾಕುತ್ತದೆ. ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 30 ಸೆಂಟಿಮೀಟರು ವ್ಯತ್ಯಾಸವಾಗುತ್ತದೆ.

ಹೊಲದ ಅಳತೆಗೆ ಇನ್ನೂ ಸೂಕ್ಷ್ಮತೆ ಬೇಕು. ಆದ್ದರಿಂದ ಅಲೆಯನ್ನೇ ಅಳತೆಗೋಲಾಗಿ ಬಳಸುತ್ತಾರೆ. ಮುಖ್ಯ ಅಲೆಯೊಂದರ ಉದ್ದ ಸುಮಾರು 19 ಸೆಂಟಿಮೀಟರು. ಒಂದು ಅಲೆಯೊಳಗಿನ ಭಾಗವನ್ನು ಯಂತ್ರ ಮಿಲಿಮೀಟರುಗಳ ಲೆಕ್ಕದಲ್ಲಿ ಅಳೆಯಬಲ್ಲದು. ಆದರೆ ಉಪಗ್ರಹಕ್ಕೂ ತನಗೂ ನಡುವೆ ಪೂರ್ತಿ ಅಲೆಗಳೆಷ್ಟು ಎಂಬುದು ಅದಕ್ಕೆ ತಾನಾಗಿ ತಿಳಿಯದು. ಸರಪಳಿ ಹಿಡಿದವನು ಕೊನೆಯ ಬಿಡಿ ಕೊಂಡಿಗಳನ್ನು ಸರಿಯಾಗಿ ಎಣಿಸಿ, ಅದಕ್ಕೆ ಮುಂಚೆ ಎಷ್ಟು ಪೂರ್ತಿ ಸರಪಳಿ ಎಳೆದೆನೆಂಬುದನ್ನು ಮರೆತ ಹಾಗೆ. ಈ ಎಣಿಕೆಯನ್ನು ಪಡೆಯಲು ಒಂದು ಯಂತ್ರವನ್ನು ಸ್ಥಾನ ತಿಳಿದ ಕಡೆ ನಿಲ್ಲಿಸಿ, ಇನ್ನೊಂದನ್ನು ಕೋಲಿನ ಮೇಲೆ ಹೊಲದಲ್ಲಿ ಒಯ್ಯುತ್ತೇವೆ. ಮೊದಲನೆಯದು ಬೇಸ್, ಎರಡನೆಯದು ರೋವರ್. ಎರಡರ ಲೆಕ್ಕ ಕೂಡಿ ಎಣಿಕೆ ನಿಶ್ಚಯವಾಯಿತೆಂದು ಯಂತ್ರಕ್ಕೆ ತೋರಿದಾಗ ಪರದೆಯ ಮೇಲೆ ‘ಫಿಕ್ಸ್’ ಎಂಬ ಮಾತು ಮೂಡುತ್ತದೆ. ನಿಶ್ಚಯವಾಯಿತೆಂದು ಯಂತ್ರಕ್ಕೆ ತೋರುವುದು ಬೇರೆ, ನಿಶ್ಚಯವಾಗಿರುವುದು ಬೇರೆ. ತೊಡಕೆಲ್ಲ ಈ ಅಂತರದಲ್ಲಿದೆ.

ಈ ಎಣಿಕೆಯ ವಿಧಾನವನ್ನು ಯಂತ್ರಕ್ಕೆ ಕಲಿಸಿರುವುದು ಅದರೊಳಗೆ ಬರೆದಿಟ್ಟ ಆಜ್ಞಾಸರಣಿ. ಅದನ್ನೇ ಫರ್ಮ್‌ವೇರ್ ಎನ್ನುತ್ತಾರೆ. ಆಕಾಶದಲ್ಲಿ ಹೊಸ ಸಂಕೇತಗಳು ಬಂದಂತೆಲ್ಲ ಇದನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ನಮ್ಮ ದೇಶದ ನಾವಿಕ್ ವ್ಯವಸ್ಥೆಯನ್ನೇ ನೋಡಿ: 2023ರ ಮೇ ತಿಂಗಳಲ್ಲಿ ಹಾರಿದ ಎನ್.ವಿ.ಎಸ್.-01 ಉಪಗ್ರಹ ಹಿಂದಿನ ನಾವಿಕ್ ಉಪಗ್ರಹಗಳಲ್ಲಿಲ್ಲದ ಎಲ್-1 ಸಂಕೇತವನ್ನು ಹೊತ್ತು ಹೋಯಿತು. ಇಂಥ ಹೊಸ ಸಂಕೇತ ಯಂತ್ರಕ್ಕೆ ಅರ್ಥವಾಗಬೇಕಾದರೆ ಹೊಸ ಆವೃತ್ತಿ ಬೇಕು. ತಯಾರಕರು ಅದನ್ನು ಅಂತಿಮಗೊಳಿಸುವ ಮುನ್ನ ಕೆಲವರ ಕೈಗೆ ಕೊಟ್ಟು ನೋಡುತ್ತಾರೆ. ಇದಕ್ಕೆ ಬೀಟಾ ಆವೃತ್ತಿಯೆಂದು ಹೆಸರು. ಮುದ್ರಣಾಲಯದ ಪರಿಚಯವುಳ್ಳವರು ಇದನ್ನು ಕರಡಚ್ಚು ಎಂದು ತಿಳಿದರೆ ಸಾಕು. ಕರಡಚ್ಚಿನಲ್ಲಿ ತಪ್ಪಿರುವುದು ಅಪರಾಧವಲ್ಲ. ಅದನ್ನು ಗ್ರಂಥವೆಂದು ಹಂಚುವುದು ಅಪರಾಧ.

ಒಮ್ಮೆ ಯಲಬುರ್ಗಾದ ಕಡೆ ಎರೆಹೊಲವೊಂದರ ಹದ್ದುಬಸ್ತಿನ ಕೆಲಸ ನನಗೆ ಬಂದಿತ್ತು. ಅಣ್ಣತಮ್ಮಂದಿರ ನಡುವಿನ ಬದುವಿನ ವ್ಯಾಜ್ಯ. ದುರಸ್ತಿಗೆ ಹೋಗಿದ್ದ ರೋವರ್ ಬೀಟಾ ಆವೃತ್ತಿಯನ್ನು ತುಂಬಿಸಿಕೊಂಡು ಮರಳಿತ್ತು. ಬದುವಿಗೆ ಹೋಗುವ ಮುನ್ನ, ಹಿಂದೆಯೇ ಸ್ಥಾನ ನಿರ್ಧರಿಸಿದ್ದ ಬಾಂದುಕಲ್ಲೊಂದರ ಮೇಲೆ ಕೋಲು ನಿಲ್ಲಿಸಿ ನೋಡಿದೆ. ಪರದೆ ‘ಫಿಕ್ಸ್’ ಎಂದಿತು. ತಪ್ಪಿದರೆ ಒಂದೂವರೆ ಸೆಂಟಿಮೀಟರು ಮಾತ್ರ ಎಂಬ ಭರವಸೆಯನ್ನೂ ಕೊಟ್ಟಿತು. ಆದರೆ ಅದು ಹೇಳಿದ ಸ್ಥಾನ ಕಲ್ಲಿನಿಂದ 31 ಸೆಂಟಿಮೀಟರು ಆಚೆಗಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯಣ್ಣ, “ಸಾಹೇಬ್ರ, ಕಲ್ಲು ಸುಳ್ಳೋ, ಡಬ್ಬಿ ಸುಳ್ಳೋ?” ಎಂದು ಕೇಳಿದ.

ಅದು ಬರಿಯ ಚೇಷ್ಟೆಯ ಪ್ರಶ್ನೆಯಲ್ಲ. ಇನ್ನೂರು ಮೀಟರು ಉದ್ದದ ಬದು 30 ಸೆಂಟಿಮೀಟರು ಸರಿದರೆ 60 ಚದರ ಮೀಟರು ನೆಲ ಕೈ ಬದಲಾಗುತ್ತದೆ. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಅರ್ಧ ಗುಂಟೆಗೂ ಮಿಕ್ಕ ಭೂಮಿ ಒಬ್ಬನಿಂದ ಇನ್ನೊಬ್ಬನಿಗೆ, ಯಾರ ದುರುದ್ದೇಶವೂ ಇಲ್ಲದೆ, ಹೋಗಿಬಿಡುತ್ತದೆ.

ಇಂಥ ಸಂದರ್ಭದಲ್ಲಿ ದೋಷವನ್ನು ನಾಲ್ಕು ಕಡೆ ಹುಡುಕಬೇಕು: ನೆಲದಲ್ಲಿ, ಆಕಾಶದಲ್ಲಿ, ನಾವು ಯಂತ್ರಕ್ಕೆ ಕೊಟ್ಟ ಲೆಕ್ಕದಲ್ಲಿ, ಕೊನೆಗೆ ಫರ್ಮ್‌ವೇರಿನಲ್ಲಿ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಏಕೆ ಹೋಯಿತೆಂದು ತಿಳಿಯದು.

ನೆಲದ ದೋಷವೆಂದರೆ ಮುಖ್ಯವಾಗಿ ಅಲೆಯ ಪ್ರತಿಫಲನ. ಗಂಗಾವತಿ ತಾಲ್ಲೂಕಿನ ಆನೆಗುಂದಿಯ ಬಂಡೆಗುಡ್ಡಗಳ ಬುಡದಲ್ಲಿ ಅಲೆ ಬಂಡೆಗೆ ಬಡಿದು ಬಳಸುದಾರಿಯಿಂದ ಬರುತ್ತದೆ. ಯಂತ್ರ ಆ ಹೆಚ್ಚಿನ ದಾರಿಯನ್ನೂ ದೂರವೆಂದು ಭಾವಿಸುತ್ತದೆ. ಕುಷ್ಟಗಿಯ ಕೆಲವು ಹಳ್ಳಿಗಳಲ್ಲಿ ನಾನು ಕಂಡ ತೊಂದರೆ ಬೇರೆ ಬಗೆಯದು: ಮೊಬೈಲ್ ಜಾಲ ದುರ್ಬಲವಾಗಿ, ಬೇಸಿನಿಂದ ಬರಬೇಕಾದ ತಿದ್ದುಪಡಿ ತಡವಾಗಿ ಬರುತ್ತಿತ್ತು. ಯಲಬುರ್ಗಾದ ಆ ಹೊಲ ದಿಗಂತದಿಂದ ದಿಗಂತಕ್ಕೆ ಬಯಲು. ತಿದ್ದುಪಡಿಯೂ ಸೆಕೆಂಡಿಗೊಮ್ಮೆ ತಪ್ಪದೆ ಬರುತ್ತಿತ್ತು.

ಆಕಾಶದ ದೋಷ ಅಯಾನುಗೋಳದ್ದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಸಮೀಪ ಹಾದುಹೋಗುವುದರಿಂದ, ನಮ್ಮ ಸೀಮೆಯ ಮೇಲಿನ ಈ ಪದರ ಸೂರ್ಯಾಸ್ತದ ಅನಂತರ ಕದಡುವುದುಂಟು. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಇದು ಪ್ರಬಲ. ಆಗ ಸಂಕೇತಗಳು ನಕ್ಷತ್ರದಂತೆ ಮಿನುಗುತ್ತವೆ. ಅಲೆಗಳ ಎಣಿಕೆ ಕಡಿದುಹೋಗುತ್ತದೆ. ನನ್ನ ಅಳತೆ ನಡೆದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನವೂ ಮರುದಿನವೂ ಅದೇ ವ್ಯತ್ಯಾಸ ಕಂಡಿತು.

ಮೂರನೆಯದು ಲೆಕ್ಕದ ದೋಷ. ನಮ್ಮ ಹಳೆಯ ಭೂಪಟಗಳು ಎವರೆಸ್ಟ್ ಹೆಸರಿನ ಭೂಗೋಲದ ಲೆಕ್ಕದವು; ಉಪಗ್ರಹ ಬಳಸುವುದು ಡಬ್ಲ್ಯೂ.ಜಿ.ಎಸ್.-84 ಎಂಬ ಲೆಕ್ಕವನ್ನು. ಒಂದರ ಅಂಕಿಯನ್ನು ಇನ್ನೊಂದರದೆಂದು ಬಗೆದರೆ ಸ್ಥಾನ ನೂರಾರು ಮೀಟರು ಸರಿಯುತ್ತದೆ. ಎತ್ತರದಲ್ಲಿಯೂ ಹೀಗೆಯೇ: ಉಪಗ್ರಹ ಹೇಳುವ ಎತ್ತರಕ್ಕೂ ಸಮುದ್ರಮಟ್ಟದಿಂದ ಎಣಿಸಿದ ಎತ್ತರಕ್ಕೂ ನಮ್ಮಲ್ಲಿ 70 ಮೀಟರಿಗಿಂತ ಹೆಚ್ಚು ಅಂತರವಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯಂಥ ಕೆಲಸದಲ್ಲಿ ಈ ಅಂತರವನ್ನು ಸರಿಯಾಗಿ ಕಳೆಯದಿದ್ದರೆ ನೀರು ಲೆಕ್ಕದ ಮಾತು ಕೇಳುವುದಿಲ್ಲ. ಆದರೆ ನನಗೆ ಕಂಡದ್ದು ಕೇವಲ 31 ಸೆಂಟಿಮೀಟರು. ಬೇಸಿನ ಸ್ಥಾನ, ಕೋಲಿನ ಉದ್ದ ಎರಡನ್ನೂ ಮತ್ತೆ ನೋಡಿದೆ; ಸರಿಯಾಗಿದ್ದುವು.

ಉಳಿದದ್ದು ಫರ್ಮ್‌ವೇರು. ಇದನ್ನು ಹಿಡಿಯಲು ಒಂದೇ ಆಂಟೆನಾದಿಂದ ಎರಡು ಯಂತ್ರಗಳಿಗೆ ತಂತಿ ಕೊಟ್ಟೆ: ಒಂದರಲ್ಲಿ ಹಳೆಯ ಆವೃತ್ತಿ, ಇನ್ನೊಂದರಲ್ಲಿ ಬೀಟಾ. ಎರಡಕ್ಕೂ ನೆಲ ಒಂದೇ, ಆಕಾಶ ಒಂದೇ. ಉತ್ತರವೂ ಒಂದೇ ಆಗಬೇಕು. ಹಳೆಯದು ಕಲ್ಲಿನೊಡನೆ ಒಪ್ಪಿತು, ಹೊಸದು ಒಪ್ಪಲಿಲ್ಲ. ಬಳಿಕ ಹೊಸದರಲ್ಲಿ ಉಪಗ್ರಹ ವ್ಯೂಹಗಳನ್ನು ಒಂದೊಂದಾಗಿ ನಿಲ್ಲಿಸಿದೆ. ರಷ್ಯದ ಗ್ಲೋನಾಸ್ ನಿಲ್ಲಿಸಿದಾಗ ದೋಷ ಉಳಿಯಿತು. ಯೂರೋಪಿನ ಗೆಲಿಲಿಯೋ ನಿಲ್ಲಿಸಿದಾಗಲೂ ಉಳಿಯಿತು. ಚೀನದ ಬೈದೌ ನಿಲ್ಲಿಸಿದೊಡನೆ ಮಾಯವಾಯಿತು. ತಪ್ಪು ಚೀನದ ಉಪಗ್ರಹಗಳದಲ್ಲ, ಏಕೆಂದರೆ ಅದೇ ಸಂಕೇತಗಳನ್ನು ಹಳೆಯ ಆವೃತ್ತಿ ಸರಿಯಾಗಿಯೇ ಓದುತ್ತಿತ್ತು. ಹೊಸ ಆವೃತ್ತಿ ಅವನ್ನು ಲೆಕ್ಕಕ್ಕೆ ಕೂಡಿಸುವ ಬಗೆಯಲ್ಲಿ ಎಲ್ಲಿಯೋ ಕೊರತೆಯಿತ್ತು. ಯಂತ್ರ ದಾಖಲಿಸಿದ ಮೂಲ ಅಂಕಿಗಳನ್ನೂ ಆವೃತ್ತಿಯ ಸಂಖ್ಯೆಯನ್ನೂ ತಯಾರಕರಿಗೆ ಕಳುಹಿಸಿ, ಹಳೆಯ ಆವೃತ್ತಿಯಿಂದಲೇ ಬದುವನ್ನು ಅಳೆದೆ.

ಹಳೆಯದೆಂದ ಮಾತ್ರಕ್ಕೆ ಯಾವ ಆವೃತ್ತಿಯೂ ನಂಬಿಕೆಗೆ ಅರ್ಹವಾಗುವುದಿಲ್ಲ. ನಮ್ಮ ಪ್ರಭವಾದಿ ಸಂವತ್ಸರಗಳು ಅರವತ್ತಕ್ಕೊಮ್ಮೆ ಮರಳುವಂತೆ, ಜಿ.ಪಿ.ಎಸ್. ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟಿನಲ್ಲಿ ಹೀಗಾಯಿತು. 2019ರ ಏಪ್ರಿಲಿನಲ್ಲಿ ಮತ್ತೆ ಆಯಿತು. ಆವರ್ತದ ಪರಿವೆಯಿಲ್ಲದ ಹಳೆಯ ಯಂತ್ರಗಳಿಗೆ ಕಾಲ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು.

1808ರಲ್ಲಿ ಲ್ಯಾಂಬ್ಟನ್ನನ ದೊಡ್ಡ ಥಿಯೋಡೊಲೈಟನ್ನು ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಅದರ ಚಕ್ರ ಸೊಟ್ಟಾಯಿತು. ಅವನು ವಾರಗಟ್ಟಲೆ ಕುಳಿತು ಅದನ್ನು ತನ್ನ ಕೈಯಿಂದಲೇ ತಿದ್ದಿದ. ಲೋಹದ ಸೊಟ್ಟು ಕಣ್ಣಿಗೆ ಕಾಣುತ್ತದೆ. ಆಜ್ಞಾಸರಣಿಯ ಸೊಟ್ಟು ಕಾಣುವುದಿಲ್ಲ; ಅಂಕಿಗಳು ಎಂದಿನಂತೆ ಅಚ್ಚುಕಟ್ಟಾಗಿ ಮೂಡುತ್ತವೆ. ಅದನ್ನು ತೋರಿಸಿಕೊಡಬಲ್ಲದ್ದು ಸ್ಥಾನ ಗೊತ್ತಿರುವ ಕಲ್ಲು ಒಂದೇ.

ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ನಿವೇಶನವನ್ನೋ ಹೊಲವನ್ನೋ ಅಳೆಯಲು ಭೂಮಾಪಕರು ರೋವರ್ ಹಿಡಿದು ಬಂದಾಗ, ಮೊದಲು ಗೊತ್ತಿರುವ ಕಲ್ಲೊಂದರ ಮೇಲೆ ಅದನ್ನು ನಿಲ್ಲಿಸಿ ತೋರಿಸಿರೆಂದು ಕೇಳಿ. ಯಂತ್ರದಲ್ಲಿರುವ ಆವೃತ್ತಿ ಯಾವುದೆಂಬುದನ್ನು ನಕಾಶೆಯ ಮೂಲೆಯಲ್ಲಿ ಬರೆಯಲು ಹೇಳಿ. ಇದರಿಂದ ಅವರಿಗೆ ಅವಮಾನವಿಲ್ಲ; ಕೆಲಸ ಬಲ್ಲವರು ಸಂತೋಷದಿಂದಲೇ ಮಾಡುತ್ತಾರೆ. ಹಾಗೆಯೇ ಉಳುವಾಗ, ಗೋಡೆ ಕಟ್ಟುವಾಗ, ರಸ್ತೆ ಅಗಲಿಸುವಾಗ ಅಡ್ಡ ಬಂದಿತೆಂದು ಹಳೆಯ ಬಾಂದುಕಲ್ಲನ್ನು ಕಿತ್ತೆಸೆಯಬೇಡಿ. ಉಪಗ್ರಹದ ಲೆಕ್ಕ ತಪ್ಪಿದ ದಿನ ಸಾಕ್ಷಿ ನುಡಿಯಲು ಅದು ಬೇಕಾಗುತ್ತದೆ.