ಗಾಜಿನ ಫಲಕದ ಮೇಲೆ ನೀಹಾರಿಕೆ

ಮಾಗಿಯ ಇರುಳಿನಲ್ಲಿ ಬಾನನ್ನು ನೋಡುವವರಿಗೆ ಮಹಾವ್ಯಾಧ ನಕ್ಷತ್ರಪುಂಜವನ್ನು ಗುರುತಿಸುವುದು ಕಷ್ಟವಲ್ಲ. ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರಗಳು ಆ ಬೇಟೆಗಾರನ ನಡುಪಟ್ಟಿ. ಅದರ ದಕ್ಷಿಣಕ್ಕೆ ಇಳಿಬಿದ್ದಿರುವ ಮಸುಕಾದ ಚುಕ್ಕೆಗಳ ಸಾಲು ಅವನ ಖಡ್ಗ. ಖಡ್ಗದ ನಡುವಣ ಚುಕ್ಕೆಯು ಉಳಿದ ನಕ್ಷತ್ರಗಳಂತೆ ಚೂಪಾಗಿ ಹೊಳೆಯದೆ, ಹಬೆ ಹಿಡಿದ ಗಾಜಿನ ಹಿಂದಿನ ದೀಪದಂತೆ ತೋರುತ್ತದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ಅನಿಲ ಮತ್ತು ಧೂಳಿನಿಂದಾದ ಆ ಮಹಾಮೇಘವು ಭೂಮಿಯಿಂದ ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಒಡಲಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹುಟ್ಟಿದವುಗಳ ಪ್ರಖರ ಕಿರಣಗಳಿಂದಲೇ ಮೇಘವು ಬೆಳಗುತ್ತಿದೆ.

ಡಚ್ ವಿಜ್ಞಾನಿ ಹೈಗೆನ್ಸನು 1656ರಲ್ಲಿ ಈ ನೀಹಾರಿಕೆಯನ್ನು ದೂರದರ್ಶಕದಿಂದ ನೋಡಿ ಅದರ ಚಿತ್ರವನ್ನು ಬರೆದನು. ಆಮೇಲಿನ ಎರಡು ಶತಮಾನಗಳ ಕಾಲ ಅನೇಕ ಖಗೋಳಜ್ಞರು ಒಂದು ಕಣ್ಣನ್ನು ದೂರದರ್ಶಕಕ್ಕೆ ಹಚ್ಚಿ, ಕೈಯಲ್ಲಿ ಸೀಸದ ಕಡ್ಡಿ ಹಿಡಿದು ಅದನ್ನು ಚಿತ್ರಿಸಿದರು. ಆದರೆ ಒಬ್ಬರ ಚಿತ್ರ ಮತ್ತೊಬ್ಬರದನ್ನು ಹೋಲಲಿಲ್ಲ. ಒಬ್ಬನು ಕಂಡ ಕವಲು ಇನ್ನೊಬ್ಬನಿಗೆ ಕಾಣಲಿಲ್ಲ. ವರ್ಷಗಳು ಕಳೆದಂತೆ ನೀಹಾರಿಕೆಯೇ ರೂಪ ಬದಲಿಸುತ್ತಿದೆಯೋ, ಅಥವಾ ನೋಡುವವರ ಕಣ್ಣು, ಬರೆಯುವವರ ಕೈ ಬದಲಾಗಿವೆಯೋ? ಈ ಪ್ರಶ್ನೆಗೆ ಆ ಚಿತ್ರಗಳಿಂದ ಉತ್ತರ ದೊರೆಯುವಂತಿರಲಿಲ್ಲ.

ದೋಷವು ಚಿತ್ರಕಾರರದಲ್ಲ. ಮನುಷ್ಯನ ಕಣ್ಣು ಒಂದು ಸೆಕೆಂಡಿನ ಸಣ್ಣ ಭಾಗದಷ್ಟು ಕಾಲದ ಬೆಳಕನ್ನು ಮಾತ್ರ ಕೂಡಿಸಿಕೊಳ್ಳಬಲ್ಲದು. ಗಂಟೆಗಟ್ಟಲೆ ದಿಟ್ಟಿಸಿದರೂ ತೀರ ಮಂದವಾದ ವಸ್ತುವು ಅದಕ್ಕೆ ಮಂದವಾಗಿಯೇ ಉಳಿಯುತ್ತದೆ. ಬೆಳ್ಳಿಯ ಲವಣವನ್ನು ಲೇಪಿಸಿದ ಛಾಯಾಫಲಕದ ಸ್ವಭಾವ ಬೇರೆ. ಅದರ ಮೇಲೆ ಬಿದ್ದ ಬೆಳಕು ಹನಿಗೂಡಿ ಹಳ್ಳವಾಗುವಂತೆ ಸಂಚಯವಾಗುತ್ತ ಹೋಗುತ್ತದೆ. ಕಣ್ಣಿಗಿಲ್ಲದ ಈ ಸಂಗ್ರಹಶಕ್ತಿಯನ್ನು ನೀಹಾರಿಕೆಯ ಮೇಲೆ ಪ್ರಯೋಗಿಸಿ ಮೊದಲು ಯಶಸ್ಸು ಪಡೆದವನು ಅಮೆರಿಕದ ಹೆನ್ರಿ ಡ್ರೇಪರ್.

ಡ್ರೇಪರನು ವೃತ್ತಿಯಿಂದ ವೈದ್ಯ, ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕ. ಖಗೋಳ ವಿಜ್ಞಾನವು ಅವನ ಬಿಡುವಿನ ವೇಳೆಯ ವ್ಯಾಸಂಗವಾಗಿತ್ತು. ಅವನ ತಂದೆ ಜಾನ್ ವಿಲಿಯಂ ಡ್ರೇಪರನು 1840ರಷ್ಟು ಹಿಂದೆಯೇ ಚಂದ್ರನ ಛಾಯಾಚಿತ್ರ ತೆಗೆದ ರಸಾಯನಶಾಸ್ತ್ರಜ್ಞ. ಹಡ್ಸನ್ ನದಿಯ ದಂಡೆಯ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ ತಂದೆಯ ಮನೆಗೆ ಸೇರಿದ ನೆಲದಲ್ಲಿ ಮಗನು ತನ್ನ ವೀಕ್ಷಣಾಲಯವನ್ನು ಕಟ್ಟಿಕೊಂಡನು. ಸರ್ಕಾರದ ನೆರವಾಗಲಿ ವಿಶ್ವವಿದ್ಯಾಲಯದ ಹಣವಾಗಲಿ ಅದಕ್ಕಿರಲಿಲ್ಲ. ಹಿತ್ತಿಲ ವೀಕ್ಷಣಾಲಯವೆಂದರೂ ತಪ್ಪಾಗದು. ಅಲ್ಲಿ ಅವನ ನಿತ್ಯ ಸಹಾಯಕಿ ಪತ್ನಿ ಮೇರಿ ಆನಾ. ಫಲಕಗಳಿಗೆ ಲೇಪ ಹಚ್ಚುವ ಕೆಲಸದಲ್ಲಿಯೂ ಆಕೆಯ ಕೈ ಇರುತ್ತಿತ್ತು.

ಅಂದಿನವರೆಗೆ ಬಳಕೆಯಲ್ಲಿದ್ದ ಫಲಕಗಳು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತಿದ್ದವು. ಕೆಲವು ನಿಮಿಷಗಳಲ್ಲಿ ಲೇಪ ಒಣಗಿದರೆ ಅವುಗಳ ಕಥೆ ಮುಗಿಯಿತು. ಚಂದ್ರನಿಗೆ ಅಷ್ಟು ಕಾಲ ಸಾಕು, ನೀಹಾರಿಕೆಗೆ ಸಾಲದು. ಜೆಲಟಿನ್ ಲೇಪದ ಒಣ ಫಲಕಗಳು ಬಂದಮೇಲೆ ಈ ಅಡ್ಡಿ ನೀಗಿತು.

ಎರಡನೆಯ ತೊಡಕು ಮಸೂರದ್ದು. ಪ್ರತಿಫಲನ ದೂರದರ್ಶಕದಲ್ಲಿ ಕನ್ನಡಿಯು ಬೆಳಕನ್ನು ಒಟ್ಟುಗೂಡಿಸಿದರೆ, ವಕ್ರೀಭವನ ದೂರದರ್ಶಕದಲ್ಲಿ ಆ ಕೆಲಸ ಗಾಜಿನ ಮಸೂರದ್ದು. ಗಾಜಿನ ಮೂಲಕ ಹಾಯುವಾಗ ಬೇರೆ ಬೇರೆ ಬಣ್ಣದ ಕಿರಣಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗುವುದರಿಂದ ಅವೆಲ್ಲ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಕಣ್ಣಿಗೆ ಹಳದಿ ಮತ್ತು ಹಸುರು ಬಣ್ಣಗಳು ಚೆನ್ನಾಗಿ ಕಾಣುವುದರಿಂದ ಮಸೂರ ತಯಾರಕರು ಆ ಬಣ್ಣಗಳಿಗೆ ಹೊಂದುವಂತೆ ಗಾಜನ್ನು ಅರೆಯುತ್ತಿದ್ದರು. ಅಂದಿನ ಫಲಕಗಳಾದರೋ ನೀಲಿ, ನೇರಳೆ ಕಿರಣಗಳಿಗೆ ಮಾತ್ರ ಮಣಿಯುತ್ತಿದ್ದವು. ಕಣ್ಣಿಗೆ ಸ್ಪಷ್ಟವಾಗಿದ್ದ ಬಿಂಬವು ಫಲಕದ ಮೇಲೆ ಕಲೆಸಿಹೋಗುತ್ತಿತ್ತು. ಆದ್ದರಿಂದ ಡ್ರೇಪರನು 1880ರಲ್ಲಿ ಆಲ್ವನ್ ಕ್ಲಾರ್ಕ್ ಕುಟುಂಬದ ಹೆಸರಾಂತ ಕಾರ್ಖಾನೆಯಿಂದ 11 ಅಂಗುಲ ವ್ಯಾಸದ ಹೊಸ ವಕ್ರೀಭವನ ದೂರದರ್ಶಕವನ್ನು ತರಿಸಿದನು. ಛಾಯಾಗ್ರಹಣದ ಕಿರಣಗಳನ್ನು ಸರಿಯಾಗಿ ಕೂಡಿಸಲು ಅದಕ್ಕೆ ಇನ್ನೊಂದು ಮಸೂರವನ್ನು ಜೋಡಿಸುವ ಏರ್ಪಾಡಿತ್ತು.

ಎಲ್ಲಕ್ಕಿಂತ ಕಠಿನವಾದ ತೊಡಕು ಭೂಮಿಯ ಭ್ರಮಣೆ. ಭೂಮಿಯು ತಿರುಗುವುದರಿಂದ ಬಾನು 4 ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತಿರುವಂತೆ ಕಾಣುತ್ತದೆ. ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಫಲಕವನ್ನು 51 ನಿಮಿಷ ಬೆಳಕಿಗೆ ತೆರೆದಿಟ್ಟರೆ, ಅಷ್ಟರಲ್ಲಿ ನೀಹಾರಿಕೆಯು 25 ಚಂದ್ರಬಿಂಬಗಳನ್ನು ಒತ್ತಾಗಿ ಸಾಲಿಟ್ಟಷ್ಟು ದೂರ ಸರಿದಿರುತ್ತದೆ! ದೂರದರ್ಶಕವು ಅದನ್ನು ಕೂದಲೆಳೆಯಷ್ಟೂ ತಪ್ಪದೆ ಹಿಂಬಾಲಿಸಬೇಕು. ಇದಕ್ಕಾಗಿ ದೂರದರ್ಶಕದ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸಿ, ಭೂಮಿ ತಿರುಗುವ ದಿಕ್ಕಿಗೆ ಎದುರಾಗಿ ಅದೇ ವೇಗದಲ್ಲಿ ಅದನ್ನು ಗಡಿಯಾರ ಯಂತ್ರದಿಂದ ತಿರುಗಿಸುತ್ತಾರೆ. ಹಲ್ಲುಗಾಲಿಯಲ್ಲಿ ಒಂದು ಸಣ್ಣ ಕೊರೆಯಿದ್ದರೂ ಸಾಕು, ನಕ್ಷತ್ರಗಳು ಚುಕ್ಕೆಗಳಾಗದೆ ಗೆರೆಗಳಾಗುತ್ತವೆ.

1880ರ ಸೆಪ್ಟೆಂಬರ್ 30ರ ರಾತ್ರಿ ಡ್ರೇಪರನು ಮಹಾವ್ಯಾಧದ ನೀಹಾರಿಕೆಯತ್ತ ದೂರದರ್ಶಕವನ್ನು ತಿರುಗಿಸಿ 51 ನಿಮಿಷ ಕಾಲ ಫಲಕವನ್ನು ತೆರೆದಿಟ್ಟನು. ನೀಹಾರಿಕೆಯೊಂದು ತನ್ನ ಚಿತ್ರವನ್ನು ತಾನೇ ಬರೆದುಕೊಂಡದ್ದು ಅದೇ ಮೊದಲು. ಚಿತ್ರದಲ್ಲಿ ನಡುವಣ ಹೊಳಪಾದ ಭಾಗ ಮಾತ್ರ ಮೂಡಿತ್ತು. ಪ್ರಕಾಶಮಾನವಾದ ನಕ್ಷತ್ರಗಳು ಅತಿಯಾಗಿ ಬೆಳಕುಂಡು ದಪ್ಪ ಕಲೆಗಳಾಗಿದ್ದವು. ಅವನಿಗೆ ಇದರಿಂದ ತೃಪ್ತಿಯಾಗಲಿಲ್ಲ. 1881ರ ಮಾರ್ಚಿಯಲ್ಲಿ 104 ನಿಮಿಷ, 1882ರ ಮಾರ್ಚಿಯಲ್ಲಿ 137 ನಿಮಿಷ, ಹೀಗೆ ಬೆಳಕುಣಿಸುವ ಕಾಲವನ್ನು ಹೆಚ್ಚಿಸುತ್ತ ಹೋದನು. ಕೊನೆಯ ಚಿತ್ರದಲ್ಲಿ ನೀಹಾರಿಕೆಯ ಅಂಚಿನ ತೆಳುವಾದ ಹರಹುಗಳೂ ಕಾಣಿಸಿಕೊಂಡವು. ಅದೇ ವರ್ಷದ ಶರತ್ಕಾಲದಲ್ಲಿ ರಾಕಿ ಪರ್ವತಗಳಿಗೆ ಬೇಟೆಗೆ ಹೋದವನು ಚಳಿಗಾಳಿಗೆ ಸಿಕ್ಕಿ ಅಸ್ವಸ್ಥನಾಗಿ ಮರಳಿ, ನವೆಂಬರ್ 20ರಂದು ತೀರಿಕೊಂಡನು. ಆಗ ಅವನಿಗೆ 45 ವರ್ಷ ವಯಸ್ಸು.

ಮರುವರ್ಷವೇ ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗಿನಲ್ಲಿ ಆಂಡ್ರ್ಯೂ ಕಾಮನ್ ಎಂಬ ಇನ್ನೊಬ್ಬ ಹವ್ಯಾಸಿಯು ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ್ದ 36 ಅಂಗುಲದ ಕನ್ನಡಿಯಿಂದ ಅದೇ ನೀಹಾರಿಕೆಯ ಚಿತ್ರ ತೆಗೆದನು. ಆ ದೂರದರ್ಶಕದಿಂದ ಎಷ್ಟು ನೋಡಿದರೂ ಕಣ್ಣಿಗೆ ಕಾಣದ ನಕ್ಷತ್ರಗಳು ಅವನ ಫಲಕದಲ್ಲಿದ್ದವು. ಕಣ್ಣಿಗಿಂತ ಫಲಕ ಮೇಲೆಂಬುದರಲ್ಲಿ ಬಳಿಕ ಸಂದೇಹವುಳಿಯಲಿಲ್ಲ. ಇತ್ತ ಮೇರಿ ಡ್ರೇಪರಳು ಪತಿಯ ಹೆಸರಿನಲ್ಲಿ ಹಾರ್ವರ್ಡ್ ವೀಕ್ಷಣಾಲಯಕ್ಕೆ ಧನಸಹಾಯ ನೀಡಿ, ಅವನ 11 ಅಂಗುಲದ ದೂರದರ್ಶಕವನ್ನೂ ಅಲ್ಲಿಯ ಬಳಕೆಗೆ ಒಪ್ಪಿಸಿದಳು. ಆ ನೆರವಿನಿಂದ 1918 ಮತ್ತು 1924ರ ನಡುವೆ ಪ್ರಕಟವಾದ ಹೆನ್ರಿ ಡ್ರೇಪರ್ ಸೂಚಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ವರ್ಗೀಕರಣವಿದೆ. ಖಗೋಳಜ್ಞರು ಇಂದಿಗೂ ಅನೇಕ ನಕ್ಷತ್ರಗಳನ್ನು ಆ ಸೂಚಿಯ ಸಂಖ್ಯೆಯಿಂದಲೇ ಕರೆಯುತ್ತಾರೆ.

ಇಂದು ಹಿತ್ತಿಲಿನಲ್ಲಿ ನೀಹಾರಿಕೆಯ ಚಿತ್ರ ತೆಗೆಯುವ ಹವ್ಯಾಸಿಗೆ ಅಂಥ ಭಾರಿ ದೂರದರ್ಶಕ ಬೇಕಿಲ್ಲ. ಅಂಗೈ ಅಗಲದ ಮಸೂರ ಸಾಕು. ವಿಶೇಷ ಜಾತಿಯ ಗಾಜುಗಳಿಂದ ಮಾಡಿದ ಮಸೂರಗಳ ಕೂಟವು ಕೆಂಪಿನಿಂದ ನೀಲಿಯವರೆಗಿನ ಕಿರಣಗಳನ್ನು ಹೆಚ್ಚುಕಡಿಮೆ ಒಂದೆಡೆ ಸೇರಿಸುತ್ತದೆ. ಫಲಕದ ಜಾಗದಲ್ಲಿ ವಿದ್ಯುನ್ಮಾನ ಸಂವೇದಕವಿದೆ, ಗಡಿಯಾರ ಯಂತ್ರದ ಜಾಗದಲ್ಲಿ ವಿದ್ಯುತ್ ಮೋಟಾರಿದೆ. ಒಂದೇ ಫಲಕವನ್ನು ಎರಡು ಗಂಟೆ ತೆರೆದಿಡುವ ಬದಲು ಕೆಲವೇ ನಿಮಿಷಗಳ ಹತ್ತಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಒಂದು ಚಿತ್ರ ಕೆಟ್ಟರೆ ಅದನ್ನು ತೆಗೆದುಹಾಕಿದರಾಯಿತು. ಡ್ರೇಪರನಿಗೆ ಆ ಅನುಕೂಲವಿರಲಿಲ್ಲ.

ಆದರೂ ಹಳೆಯ ತೊಡಕುಗಳು ವೇಷ ಬದಲಿಸಿ ಎದುರಾಗುತ್ತವೆ. ನೀಹಾರಿಕೆಯ ಜಲಜನಕವು ಹೊರಸೂಸುವ ಬೆಳಕಿನಲ್ಲಿ ಕಡುಗೆಂಪು ಕಿರಣಗಳು ಮುಖ್ಯವಾದವು. ಡ್ರೇಪರನ ಫಲಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಇಂದಿನ ಸಾಮಾನ್ಯ ಕ್ಯಾಮರಾದ ಸಂವೇದಕಕ್ಕೆ ಅದು ಕಾಣುವುದಾದರೂ, ಮುಖದ ಬಣ್ಣ ಸಹಜವಾಗಿ ಬರಲೆಂದು ಅದರ ಮುಂದಿಟ್ಟ ಶೋಧಕವು ಆ ಕಿರಣಗಳ ಬಹುಭಾಗವನ್ನು ತಡೆಯುತ್ತದೆ. ನಗರದ ದೀಪಗಳಿಂದ ಬೆಳ್ಳಗಾದ ಬಾನು ಡ್ರೇಪರನು ಕಾಣದಿದ್ದ ಹೊಸ ಶತ್ರು. ಅಕ್ಷವನ್ನಂತೂ ಇಂದಿಗೂ ಧ್ರುವದತ್ತಲೇ ಗುರಿಯಿಡಬೇಕು. ಹೇಸ್ಟಿಂಗ್ಸಿನಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಸುಮಾರು 41 ಡಿಗ್ರಿ ಎತ್ತರದಲ್ಲಿ ನಿರಾಯಾಸವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಅದರ ಎತ್ತರ 13 ಡಿಗ್ರಿ ಮಾತ್ರ. ಪಕ್ಕದ ಮನೆಯ ಮಾಳಿಗೆಯೋ ತೆಂಗಿನ ಮರವೋ ಅದನ್ನು ಮರೆಮಾಡಿದರೆ, ಇಲ್ಲಿಯ ಹವ್ಯಾಸಿಯು ಬೇರೆ ನಕ್ಷತ್ರಗಳು ಎತ್ತ ಜಾರುತ್ತಿವೆಯೆಂಬುದನ್ನು ನೋಡಿ ನೋಡಿ ಅಕ್ಷವನ್ನು ಸರಿಪಡಿಸಿಕೊಳ್ಳಬೇಕು. ಆ ಕೆಲಸಕ್ಕೇ ಒಮ್ಮೊಮ್ಮೆ ಅರ್ಧ ರಾತ್ರಿ ಹಿಡಿಯುತ್ತದೆ.